ಗಾಜಿನ ಮೇಲೆ ಮೂರು ಕೂದಲು

ನನಗೆ ಮೊದಲು ಬಂದದ್ದು ತುರಿಕೆಯೋ ಅನುಮಾನವೋ, ಈಗ ಸರಿಯಾಗಿ ನೆನಪಿಲ್ಲ. ತೊಂಬತ್ತರ ದಶಕದ ಕೊನೆಯ ಮಾತು. ಗುಬ್ಬಿಯ ಕಚೇರಿಯೊಂದರಲ್ಲಿ ಅರ್ಜಿಗಳ ಸಹಿ ತಾಳೆ ನೋಡುವುದು ನನ್ನ ಕೆಲಸವಾಗಿತ್ತು. ಅನುಮಾನಪಡುವುದಕ್ಕೇ ಸಂಬಳ ಪಡೆಯುವವನ ಕತ್ತಿನ ಮೇಲೆ, ಕಿವಿಯ ಹಿಂದೆ ಕೆಂಪಗೆ ಎದ್ದು ಹೊಟ್ಟು ಉದುರತೊಡಗಿದರೆ ಅವನು ಸುಮ್ಮನಿರುತ್ತಾನೆಯೇ?

ಮೊದಲು ಸೋಪಿನ ಮೇಲೆ ಅನುಮಾನಪಟ್ಟೆ, ಆಮೇಲೆ ಬಸ್ಸಿನ ಸೀಟಿನ ಮೇಲೆ, ಕೊನೆಗೆ ಸಿದ್ದಪ್ಪನ ಮೇಲೆ. ಹದಿನೈದು ವರ್ಷದಿಂದ ನನ್ನ ಕ್ಷೌರ ಮಾಡುತ್ತಿದ್ದವನು ಅವನು. "ಹುಳುಕಡ್ಡಿ ಕಣ್ರೀ, ಸಿದ್ದಪ್ಪನ ಟವೆಲ್ಲಿಂದಾನೇ ಬಂದಿರೋದು" ಎಂದು ಆಫೀಸಿನಲ್ಲಿ ತೀರ್ಪು ಕೊಟ್ಟೆ. ನಾಲ್ಕು ಜನ ಸಹೋದ್ಯೋಗಿಗಳು ಆ ವಾರದಿಂದಲೇ ಬೇರೆ ಸಲೂನು ಹಿಡಿದರು. ನನ್ನ ಮಾತಿಗೆ ಇಷ್ಟು ಬೆಲೆಯಿದೆಯೇ ಎಂದು ಒಳಗೊಳಗೇ ಖುಷಿಯೂ ಆಯಿತು.

ತುಮಕೂರಿನ ಚರ್ಮದ ಡಾಕ್ಟರು ಮಾತ್ರ ನನ್ನ ತೀರ್ಪನ್ನು ಒಪ್ಪಲಿಲ್ಲ. "ಫಂಗಸ್ ಹೌದೋ ಅಲ್ವೋ ನೋಡೇಬಿಡೋಣ" ಎಂದು ಲ್ಯಾಬಿಗೆ ಚೀಟಿ ಬರೆದರು. ಲ್ಯಾಬಿನಾತ ಬ್ಲೇಡಿನ ಅಂಚಿನಿಂದ ಕತ್ತಿನ ಹೊಟ್ಟು ಕೆರೆದು, ಮೂರು ಕೂದಲು ಬುಡಸಮೇತ ಕಿತ್ತು, ಕಪ್ಪಾಗಿದ್ದ ಹೆಬ್ಬೆರಳಿನ ಉಗುರಿನ ಚೂರು ಕತ್ತರಿಸಿ, ಕಾಗದದ ಪೊಟ್ಟಣ ಕಟ್ಟಿ "ನಾಳೆ ಬನ್ನಿ" ಎಂದ.

ನಮ್ಮವ್ವ ಕುಣಿಗಲ್ ಕಡೆಯವಳು, ಅನುಮಾನದ ವಿದ್ಯೆಯಲ್ಲಿ ನನಗೆ ಗುರು. ಸಂಜೆ ಸುದ್ದಿ ಕೇಳಿ ಎದೆ ಮೇಲೆ ಕೈಯಿಟ್ಟುಕೊಂಡಳು. "ಉಗ್ರು, ಕೂದ್ಲು ಎರಡನ್ನೂ ಗುರ್ತಿಲ್ದೋರ ಕೈಗೆ ಕೊಟ್ ಬಂದ್ಯೇನ್ಲಾ? ಮಾಟ ಮಾಡೋರು ಕೇಳೋದೂ ಅದನ್ನೇ ಕಣೋ! ನಾಳೆ ಹೋಗಿ ಇಸ್ಕೊಂಡು ಬಾ."

ನಾನು ನಕ್ಕೆ. ಆದರೆ ಮರುದಿನ ಲ್ಯಾಬಿನಲ್ಲಿ "ಉಳಿದಿದ್ದು ವಾಪಸ್ ಕೊಡ್ತೀರಾ?" ಎಂದು ಕೇಳಿಯೂ ಬಿಟ್ಟೆ. ಆತ ನನ್ನನ್ನು ಒಂದು ಥರ ನೋಡಿ ಮೈಕ್ರೋಸ್ಕೋಪಿನ ಹತ್ತಿರ ಕರೆದ. ಉಪ್ಪಿನಕಾಯಿ ಜಾಡಿಗೆ ಹಿಡಿಯುವ ಬೂಷ್ಟಿನ ನೆಂಟರೇ ಮನುಷ್ಯನ ಚರ್ಮ, ಕೂದಲು, ಉಗುರಿನಲ್ಲೂ ಸಂಸಾರ ಹೂಡುತ್ತಾರಂತೆ. "ಫಂಗಸ್ ಇದ್ದಿದ್ರೆ ದಾರದೆಳೆ ಥರ ಕಾಣ್ಬೇಕಿತ್ತು ಸಾರ್. ಒಂದೂ ಇಲ್ಲ. ಆದ್ರೆ ಈ ಕೂದ್ಲು ನೋಡಿ, ಬುಡ ಬೆಳ್ಳಗಿದೆ, ಮೇಲೆಲ್ಲ ಕರ್ರಗಿದೆ. ಡೈ ಹಾಕ್ತೀರಾ?"

ಭಾನುವಾರ ಬಚ್ಚಲಿನ ಚಿಲಕ ಹಾಕಿಕೊಂಡು ಬರಿಗೈಯಲ್ಲೇ ಡೈ ಮೆತ್ತಿಕೊಳ್ಳುವ ವಿಷಯ ಹೆಂಡತಿಯನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲವೆಂದು ನಂಬಿದ್ದೆ. ಊರನ್ನೆಲ್ಲ ಅನುಮಾನಿಸಿದವನಿಗೆ ಬಚ್ಚಲಿನ ಗೂಡಿನಲ್ಲಿದ್ದ ಆ ಪೊಟ್ಟಣದ ಮೇಲೆ ಅನುಮಾನವೇ ಬಂದಿರಲಿಲ್ಲ. ಡಾಕ್ಟರು ವರದಿ ನೋಡಿ "ನಿಮಗೆ ಆಗದೇ ಇರೋದು ಡೈ. ಬಿಟ್ಟುಬಿಡಿ" ಎಂದರು. ಅವ್ವನ ಸಮಾಧಾನಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಇನ್ನೊಂದು ಉಗುರು ಕತ್ತರಿಸಿ ಪೊಟ್ಟಣ ಕಟ್ಟಿಕೊಂಡು ಹೋದೆ. ಅವಳು ಬಿಚ್ಚಿ ನೋಡಿ "ಇದು ನಿಂದೇನಾ?" ಎಂದಳು.

ಸಿದ್ದಪ್ಪನ ವಿಷಯ ಅಷ್ಟು ಸುಲಭಕ್ಕೆ ಮುಗಿಯುವಂಥದ್ದಾಗಿರಲಿಲ್ಲ. ಅವನ ಮೇಲಿನ ಅಪವಾದ ಕಳೆಯಬೇಕಾದರೆ ನನ್ನ ಡೈ ಕಥೆಯನ್ನು ನಾನೇ ಬಾಯಿಬಿಡಬೇಕು. ಒಂದು ವಾರ ಬೇರೆ ಬೀದಿಯಲ್ಲಿ ಸುತ್ತಿಕೊಂಡು ಆಫೀಸಿಗೆ ಹೋದೆ. ಎಂಟನೆಯ ದಿನ ಧೈರ್ಯ ಮಾಡಿ ಅಂಗಡಿಗೆ ಹೋದರೆ, ಗಿರಾಕಿಗಳಿಲ್ಲದೆ ಅವನೊಬ್ಬನೇ ಒಗೆದ ಟವೆಲ್ಲುಗಳನ್ನು ಮಡಿಸುತ್ತ ಕೂತಿದ್ದ. "ತಪ್ಪಾಯ್ತು ಸಿದ್ದಪ್ಪ. ನಿನ್ನ ಟವೆಲ್ ಅಲ್ಲ, ನನ್ನ ಡೈ" ಎಂದೆ.

"ಹದಿನೈದು ವರ್ಸದಿಂದ ನಿಮ್ ತಲೆ ನೋಡ್ತಾ ಇದೀನಿ ಸಾರ್, ಡೈ ಹಾಕೋದು ನಂಗೊತ್ತಿಲ್ವಾ? ಯಾರ ತಾವೂ ಹೇಳ್ನಿಲ್ಲ, ಅಷ್ಟೇಯ."

ಕಪ್ಪೆಲ್ಲ ಹೋಗುವಷ್ಟು ಸಣ್ಣಗೆ ಕತ್ತರಿಸು ಎಂದೆ. ಮರುದಿನ ಆ ಬೆಳ್ಳನೆಯ ತಲೆ ಹೊತ್ತುಕೊಂಡೇ ನಾಲ್ವರಿಗೂ ನಡೆದದ್ದನ್ನು ಹೇಳಿದೆ. ಮನಸಾರೆ ನಕ್ಕರು; ಒಬ್ಬೊಬ್ಬರಾಗಿ ಸಿದ್ದಪ್ಪನ ಅಂಗಡಿಗೆ ಮರಳಿದರು.

ಆ ನಾಲ್ವರಲ್ಲಿ ಒಬ್ಬರಿಗೆ ರಿಟೈರ್ ಆಗುವ ವಯಸ್ಸಾದರೂ ಕೂದಲು ಮಾತ್ರ ಕಾಗೆಗಪ್ಪು. ಮುಂದಿನ ತಿಂಗಳು ಕುರ್ಚಿಯಲ್ಲಿ ಕೂತಾಗ ತಡೆಯಲಾರದೆ ಮೆಲ್ಲಗೆ ಕೇಳಿದೆ: "ಅವ್ರೂ ಹಾಕ್ತಾರಾ ಸಿದ್ದಪ್ಪ?"

ಸಿದ್ದಪ್ಪ ಹೊಸ ಬ್ಲೇಡು ಸಿಕ್ಕಿಸುತ್ತ "ತಲೆ ಬಗ್ಸಿ ಸಾರ್" ಎಂದ.

ಬಗ್ಗಿಸಿದೆ.