ಕವರಿನ ತೂತು ಮತ್ತು ಚಿಕ್ಕಬಸವಯ್ಯನವರ ಮೀಸೆ

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಎದುರಿನ ಸಾಲಿನಲ್ಲಿ ನನ್ನ ಜೆರಾಕ್ಸ್ ಅಂಗಡಿ ಇದೆ. ಪಕ್ಕದ್ದು ಚಿಕ್ಕಬಸವಯ್ಯನವರ ಮೊಬೈಲ್ ಕವರ್ ಅಂಗಡಿ. ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ ಅಷ್ಟೆ. ಹಾಗಾಗಿ ಹದಿಮೂರು ವರ್ಷಗಳಿಂದ ಅವರು ಆಡಿದ ಒಂದೊಂದು ಮಾತೂ, ನನಗೆ ಬೇಕಿರಲಿ ಬೇಡದಿರಲಿ, ನನ್ನ ಕಿವಿಗೆ ಬಿದ್ದಿದೆ. ಅದರಲ್ಲಿ ಮುಕ್ಕಾಲು ಪಾಲು ಇನ್ನೂ ಹುಟ್ಟದ ಫೋನುಗಳ ಮಾತು.

ಅವರು ಫೋನ್ ಮಾರುವವರಲ್ಲ. ಕವರ್, ಗಾಜು, ಚಾರ್ಜರ್, ಕೊರಳಿಗೆ ಹಾಕಿಕೊಳ್ಳುವ ದಾರ, ಇಷ್ಟೇ ಅವರ ವ್ಯಾಪಾರ. ಅವರ ಸ್ವಂತ ಫೋನಂತೂ ರಬ್ಬರ್ ಬ್ಯಾಂಡಿನ ದಯೆಯಿಂದ ಜೀವ ಹಿಡಿದುಕೊಂಡಿದೆ. ಆದರೆ ಮುಂದಿನ ತಿಂಗಳು ಯಾವ ಫೋನ್ ಬರುತ್ತದೆ, ಅದಕ್ಕೆ ಎಷ್ಟು ಕ್ಯಾಮೆರಾ, ಬ್ಯಾಟರಿ ದಪ್ಪವೋ ತೆಳ್ಳಗೋ ಎಂದು ಕೇಳಿದರೆ ಸಾಕು, ಕೂತಿದ್ದವರು ಎದ್ದು ನಿಂತುಬಿಡುತ್ತಾರೆ.

ಈ ಕಸುಬಿನಲ್ಲಿ ಒಂದು ತಮಾಷೆ ಇದೆ. ಫೋನ್ ಬಿಡುಗಡೆಯಾಗುವ ಮುಂಚೆಯೇ ಅದರ ಕವರ್ ತಯಾರಾಗಿ ಬಂದಿರುತ್ತದೆ. ಮಗು ಹುಟ್ಟುವ ಮುಂಚೆ ಅಂಗಿ ಹೊಲಿಸಿಟ್ಟ ಹಾಗೆ. ಬೆಂಗಳೂರಿನಿಂದ ಪಾರ್ಸೆಲ್ ಬಂದ ದಿನ ಚಿಕ್ಕಬಸವಯ್ಯನವರು ಹೊಸ ಕವರನ್ನು ಬೆಳಕಿಗೆ ಹಿಡಿದು, ತೂತುಗಳಲ್ಲಿ ಬೆರಳಾಡಿಸಿ, ಕಣ್ಣು ಮುಚ್ಚಿ ಹೇಳುತ್ತಾರೆ: "ಮೂರು ಕ್ಯಾಮೆರಾ. ಪ್ಲಾಸು ಲೈಟು ಎಡಕ್ಕೆ. ಬಟನ್ನು ಒಂಚೂರು ಕೆಳಿಕ್ಕೆ ಇಳ್ದದೆ ಕಣ್ರೋ." ತಿಂಗಳಾದ ಮೇಲೆ ಫೋನ್ ಬಂದರೆ, ಅವರು ಹೇಳಿದ ಹಾಗೆಯೇ ಇರುತ್ತದೆ. ಭೀಮನಬೀಡು, ಬೇಗೂರು ಕಡೆಯ ಹುಡುಗರು ಇವರನ್ನು ಕೇಳದೆ ಫೋನ್ ಕೊಳ್ಳುವುದಿಲ್ಲ. ಇವರೋ ಯಾರಿಗೂ ಕೊಳ್ಳಿ ಎಂದು ಹೇಳಿದ್ದೇ ಇಲ್ಲ. "ತಡ್ಕಳ್ಲಾ, ಇದ್ಕಿಂತ ಒಳ್ಳೇದು ಬತ್ತಾ ಅದೆ" ಎನ್ನುವುದೇ ಯಾವಾಗಲೂ ಅವರ ಉತ್ತರ.

ಹೋದ ಆಗಸ್ಟಿನಲ್ಲಿ ಬಂದ ಪಾರ್ಸೆಲ್ಲಿನಲ್ಲಿ ಒಂದು ಕವರ್ ಇತ್ತು. ಮೂರು ವಾರ ಬಿಟ್ಟು ಬಿಡುಗಡೆಯಾಗಬೇಕಿದ್ದ ಒಂದು ದೊಡ್ಡ ಕಂಪನಿಯ ಫೋನಿನದು. ಅದರ ಕೆಳಗಿನ ಬಲಮೂಲೆಯಲ್ಲಿ ಕಡಲೆಕಾಳಿನಷ್ಟು ದೊಡ್ಡ ತೂತು. ಚಾರ್ಜರಿನದಲ್ಲ, ಸ್ಪೀಕರಿನದಲ್ಲ, ಬಟನ್ನಿನದೂ ಅಲ್ಲ. ಚಿಕ್ಕಬಸವಯ್ಯನವರು ಕಣ್ಣು ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು.

"ಕಾವ್ಯಮ್ಮ, ಬಾ ಇಲ್ಲಿ" ಎಂದು ನನ್ನನ್ನು ಕರೆದರು. "ಇದೇನು ಅಂತ ಏಳು ನೋಡನ."

ನನಗೆಲ್ಲಿ ಗೊತ್ತು? ಆದರೆ ಅರ್ಧ ಗಂಟೆಯಲ್ಲಿ ಬಸ್ ಸ್ಟ್ಯಾಂಡಿಗೆಲ್ಲ ಗೊತ್ತಿತ್ತು, ಒಬ್ಬೊಬ್ಬರಿಗೆ ಒಂದೊಂದು ಥರ. ಚೆಂಡುಹೂವಿನ ಮೂಟೆ ಇಳಿಸುತ್ತಿದ್ದ ರೈತರೊಬ್ಬರು, ಅದರಿಂದ ಒಂದು ಕಡ್ಡಿ ಹೊರಗೆ ಬರುತ್ತದೆ, ನೆಲಕ್ಕೆ ಚುಚ್ಚಿದರೆ ತೇವ ಎಷ್ಟಿದೆ ಎಂದು ಹೇಳುತ್ತದೆ ಎಂದರು. ಬಂಡೀಪುರದಲ್ಲಿ ಅರಣ್ಯ ಇಲಾಖೆಯ ವಾಚರ್ ಆಗಿರುವ ಮಾದೇಶ, ಒತ್ತಿದರೆ ಪಟಾಕಿ ಸದ್ದು ಬರುತ್ತದೆ, ಆನೆ ಓಡಿಸುವುದಕ್ಕೆಂದೇ ಇಟ್ಟಿದ್ದಾರೆ ಎಂದ. ರಾತ್ರಿ ಬಂಡೀಪುರದ ಗೇಟು ಮುಚ್ಚುವುದರೊಳಗೆ ಕಾಡು ದಾಟಬೇಕಿದ್ದ ಕೇರಳದ ತರಕಾರಿ ಲಾರಿಯ ಡ್ರೈವರೂ ಅವಸರ ಮರೆತು ನಿಂತ. ಅವನ ಪ್ರಕಾರ ಆ ತೂತಿನಿಂದ ಸೆಂಟು ಬರುತ್ತದೆ, ಮನೆಗೆ ಹೋಗುವಾಗ ಬೀಡಿ ವಾಸನೆ ಹೆಂಡತಿಗೆ ಗೊತ್ತಾಗಬಾರದಲ್ಲ. ಕಾಲೇಜು ಹುಡುಗಿಯರು ಅಲ್ಲೊಂದು ಪುಟ್ಟ ಫ್ಯಾನ್ ಇದೆ ಎಂದು ತೀರ್ಮಾನಿಸಿ, ಬೇಸಿಗೆಗೆ ಮುಂಚೆ ಕೊಡಿಸಿ ಎಂದು ಮನೆಗೆ ಅಲ್ಲಿಂದಲೇ ಫೋನ್ ಮಾಡಿದರು.

ಇವರಿಗೆಲ್ಲ ತಲೆ ಕೆಟ್ಟಿದೆ ಎಂದು ಬೈದುಕೊಂಡು ನಾನು ಅಂಗಡಿಗೆ ಬಂದೆ. ಬಂದು ಕೂತ ಮೇಲೆ ನನಗೂ ಒಂದು ಅನುಮಾನ ಹೊಕ್ಕಿತು. ಆ ತೂತಿನಿಂದ ಪ್ರಿಂಟ್ ಬರುವಂತಿದ್ದರೆ? ಆಧಾರ್ ಕಾರ್ಡಿನ ಜೆರಾಕ್ಸ್ ಜೇಬಿನಿಂದಲೇ ಸುರುಳಿ ಸುರುಳಿಯಾಗಿ ಹೊರಗೆ ಬಂದರೆ ನನ್ನ ಅಂಗಡಿ ಯಾರಿಗೆ ಬೇಕು? ಕಡಲೆಕಾಳಿನಷ್ಟು ತೂತಿನಿಂದ ಕಾಗದ ಹೇಗೆ ಬರುತ್ತದೆ ಎಂದು ಯೋಚಿಸುವಷ್ಟು ಬುದ್ಧಿ ನನಗೆ ಆ ಹೊತ್ತಿನಲ್ಲಿ ಉಳಿದಿರಲಿಲ್ಲ.

ಸಂಜೆಗೆ ಚಿಕ್ಕಬಸವಯ್ಯನವರು ತೀರ್ಪು ಕೊಟ್ಟರು. "ಪೆನ್ನು. ಒಳಗೆ ಪೆನ್ನು ಮಡ್ಗವ್ರೆ. ಎಳುದ್ರೆ ಈಚ್ಗೆ ಬತ್ತದೆ, ಪರದೆ ಮ್ಯಾಲೆ ಬರಿಬೋದು."

ರಸ್ತೆಯ ಆಚೆ, ಬಸ್ ಸ್ಟ್ಯಾಂಡಿನ ಪಕ್ಕ, ಹೋದ ವರ್ಷ ಶುರುವಾದ ಗಾಜಿನ ಬಾಗಿಲಿನ ಮೊಬೈಲ್ ಶೋರೂಮ್ ಇದೆ. ಅಲ್ಲಿ ಕೆಲಸ ಮಾಡುವ ಶರತ್ ನಮ್ಮ ಸಾಲಿನ ಟೀ ಅಂಗಡಿಗೆ ಟೀ ಕುಡಿಯಲು ಬಂದವನು ಇದನ್ನು ಕೇಳಿ ನಕ್ಕ. ಅವನು ಚಾಮರಾಜನಗರದಲ್ಲಿ ಎರಡು ದಿನ ಟ್ರೈನಿಂಗ್ ಮುಗಿಸಿ ಬಂದಿದ್ದ.

"ಅಂಕಲ್, ಕವರೇ ಡಿಫೆಕ್ಟು. ಫೋನಲ್ಲಿ ಆ ಜಾಗದಲ್ಲಿ ತೂತೇ ಇರಲ್ಲ" ಎಂದ.

ಅಂಕಲ್ ಎಂದಿದ್ದಕ್ಕೋ, ಡಿಫೆಕ್ಟ್ ಎಂದಿದ್ದಕ್ಕೋ, ಚಿಕ್ಕಬಸವಯ್ಯನವರ ಮುಖ ಕೆಂಪಾಯಿತು. ಎರಡೂ ಕೈಯಲ್ಲಿ ಮೀಸೆಯ ಎರಡೂ ತುದಿ ಹಿಡಿದುಕೊಂಡರು. "ಆ ತೂತ್ನಲ್ಲಿ ಪೆನ್ನಿಲ್ದೆ ಇದ್ರೆ ಈ ಮೀಸೆ ಬೋಳಿಸ್ಬುಡ್ತೀನಿ ಕಣ್ಲಾ!"

ಟೀ ಅಂಗಡಿಯವರು ಸ್ಟೋವ್ ಸಣ್ಣದು ಮಾಡಿದರು.

ಹೊರಗಿನವರಿಗೆ ಇದರಲ್ಲಿ ಏನಿದೆ ಅನ್ನಿಸಬಹುದು. ಆದರೆ ಅವರ ಮನೆತನದಲ್ಲಿ ಗಂಡಸರು ಮೀಸೆ ತೆಗೆಸುವುದು ತಂದೆಯೋ ತಾಯಿಯೋ ತೀರಿಕೊಂಡಾಗ ಮಾತ್ರ. ಚಿಕ್ಕಬಸವಯ್ಯನವರ ತಂದೆ ಹೋದಾಗ ಇವರಿಗೆ ಮೂರು ವರ್ಷ, ತೆಗೆಸಲು ಮೀಸೆಯೇ ಇರಲಿಲ್ಲ. ಬಂದ ಮೇಲೆ ಅದಕ್ಕೆ ಕತ್ತಿ ತಾಕಿಲ್ಲ. ಮಾದೇಶ್ವರನ ಬೆಟ್ಟದಲ್ಲಿ ಮುಡಿ ಕೊಟ್ಟಾಗಲೂ ಮೀಸೆಯ ಮೇಲೆ ಕೈ ಅಡ್ಡ ಇಟ್ಟುಕೊಂಡು ಕೂತಿದ್ದರಂತೆ. ಈಗ ಅವರಿಗೆ ಐವತ್ತೆರಡು. ತಾಯಿ ಸಣ್ಣಮ್ಮನಿಗೆ ಎಂಬತ್ತು ದಾಟಿದೆ, ಗಟ್ಟಿಯಾಗಿಯೇ ಇದ್ದಾರೆ. ತಾಯಿ ಬದುಕಿರುವಾಗ ಮೀಸೆ ತೆಗೆದರೆ ತಾಯಿಯ ಸಾವನ್ನು ಬಾಗಿಲಿಗೆ ಕರೆದ ಹಾಗೆ. ಒಂದು ತೂತಿಗೋಸ್ಕರ ಈ ಮನುಷ್ಯ ಬಾಯಿಗೆ ಬಂದದ್ದು ಆಡಿಬಿಟ್ಟಿದ್ದರು. ಆಡಿದ ಮಾತನ್ನು ನುಂಗಿಕೊಳ್ಳುವ ಹಾಗೂ ಇಲ್ಲ. ಅವರ ಅಂಗಡಿ ನಿಂತಿರುವುದೇ ಮಾತಿನ ಮೇಲೆ.

ಮಾರನೇ ದಿನ ಬೆಳಿಗ್ಗೆ ಭೀಮನಬೀಡಿನ ಬಸ್ಸಿನಿಂದ ಮಗನ ಹಿಂದೆಯೇ ಸಣ್ಣಮ್ಮನೂ ಇಳಿದರು. ಇಡೀ ದಾರಿ ಬೈದುಕೊಂಡೇ ಬಂದಿದ್ದರೆಂದು ಕಾಣುತ್ತದೆ, ಕಂಡಕ್ಟರ್ ಇನ್ನೂ ನಗುತ್ತಿದ್ದ.

"ನಾನಿನ್ನೂವೆ ಎರಡು ಮುದ್ದೆ ನುಂಗ್ತೀನಿ ಕಣ್ಲಾ! ಅಷ್ಟರಲ್ಲೇ ಮೀಸೆಗೆ ಕೈ ಆಕ್ಬುಟ್ಟಾ? ಎಲ್ಲದೆ ಆ ತೂತು, ತೋರ್ಸು!"

ಮಗ ಕವರ್ ಕೊಟ್ಟರು. ಸಣ್ಣಮ್ಮ ಅದನ್ನು ಕಣ್ಣಿಗೆ ಹಿಡಿದು, ತೂತಿನ ಮೂಲಕ ಮಗನನ್ನೇ ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಇಷ್ಟೇಯಾ? ಈ ತೂತ್ಗೆ ನನ್ ಪ್ರಾಣ ಮಡಗ್ಬುಟ್ಟಾ?"

ಆ ಮೂರು ವಾರ ನಮ್ಮ ಸಾಲಿನಲ್ಲಿ ಪೆನ್ನಿನದೇ ಮಾತು. ಯೂಟ್ಯೂಬಿನಲ್ಲಿ ಯಾರೋ ಒಬ್ಬ ಪೆನ್ನು ಇದೆ ಎಂದ ದಿನ ಚಿಕ್ಕಬಸವಯ್ಯನವರು ಎಲ್ಲರಿಗೂ ಬೋಂಡ ಕೊಡಿಸಿದರು. ಇನ್ನೊಬ್ಬ ಇಲ್ಲ ಎಂದ ದಿನ ತಂದ ಬುತ್ತಿಯನ್ನು ಹಾಗೇ ವಾಪಸ್ ಒಯ್ದರು. ಅವರ ಹೆಂಡತಿ ಗೋಪಾಲಸ್ವಾಮಿ ಬೆಟ್ಟಕ್ಕೆ ಹರಕೆ ಕಟ್ಟಿಕೊಂಡರು. ಫೋನಿನಲ್ಲಿ ಪೆನ್ನಿರಲಿ ಎಂದು ಆ ದೇವರಿಗೆ ಹರಕೆ ಹೊತ್ತವರು ಅವರೊಬ್ಬರೇ ಇರಬೇಕು. ಹರಕೆಯ ಮಾತು ಕೇಳಿ ನಾನು ಮುಸಿಮುಸಿ ನಕ್ಕೆ. ಆಮೇಲೆ ಕೈಮುಗಿದು, ಪೆನ್ನಾದರೂ ಇರಲಿ, ಪ್ರಿಂಟರ್ ಮಾತ್ರ ಬೇಡ ಸ್ವಾಮಿ ಎಂದು ನಾನೂ ಕೇಳಿಕೊಂಡೆ.

ಬಿಡುಗಡೆ ಮಧ್ಯಾಹ್ನ ಹನ್ನೆರಡಕ್ಕೆ. ಶೋರೂಮಿನ ದೊಡ್ಡ ಟೀವಿಯಲ್ಲಿ ತೋರಿಸುತ್ತೇನೆ, ಎಲ್ಲರೂ ಬನ್ನಿ ಎಂದು ಶರತ್ ತಾನೇ ಕರೆದ. ಬಸ್ ಸ್ಟ್ಯಾಂಡ್ ಅರ್ಧ ಖಾಲಿಯಾಯಿತು. ಮಾದೇಶ ರಜೆ ಹಾಕಿ ಬಂದಿದ್ದ. ಸಣ್ಣಮ್ಮನಿಗೆ ಮುಂದೆಯೇ ಒಂದು ಕುರ್ಚಿ. ಚಿಕ್ಕಬಸವಯ್ಯನವರು ತಾಯಿಯ ಹಿಂದೆ ನಿಂತು ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದರು.

ಟೀವಿಯಲ್ಲಿ ಕರಿ ಟೀ ಶರ್ಟಿನ ಒಬ್ಬ ಮನುಷ್ಯ ಮುಕ್ಕಾಲು ಗಂಟೆ ಕ್ಯಾಮೆರಾ ಹೊಗಳಿದ. "ತೂತ್ನ ವಿಷ್ಯಕ್ಕೆ ಬಾರೋ ನಮ್ಮಪ್ಪಾ" ಎಂದು ಸಣ್ಣಮ್ಮ ಎರಡು ಸಲ ಕೂಗಿದರು. ಕೊನೆಗೂ ಫೋನ್ ನಿಧಾನಕ್ಕೆ ತಿರುಗಿತು. ಕೆಳಗಿನ ಬಲಮೂಲೆ ಕಂಡಿತು. ತೂತಿತ್ತು!

ಜನ ಕೂಗಿದ ಕೂಗಿಗೆ ಗಾಜಿನ ಬಾಗಿಲು ಅದುರಿತು. ಶರತ್ ಬಿಳಿಚಿಕೊಂಡ. ಮಾದೇಶ ಚಿಕ್ಕಬಸವಯ್ಯನವರನ್ನು ಎತ್ತಿಯೇಬಿಟ್ಟ. ಅವರು ಗಾಳಿಯಲ್ಲಿ ಇರುವಾಗಲೇ ಟೀವಿಯಲ್ಲಿದ್ದವನು ಜೇಬಿಗೆ ಕೈ ಹಾಕಿ ಒಂದು ಹಳದಿ ದಾರ ತೆಗೆದು, ಆ ತೂತಿಗೆ ಪೋಣಿಸಿ, ಫೋನನ್ನು ಕೊರಳಿಗೆ ನೇತು ಹಾಕಿಕೊಂಡು, ಪ್ರಪಂಚವನ್ನೇ ಗೆದ್ದವನ ಹಾಗೆ ಕೈ ಚಾಚಿ ನಿಂತ.

ದಾರ. ಅಷ್ಟೇ. ಪೆನ್ನಿಲ್ಲ, ಫ್ಯಾನಿಲ್ಲ, ಸೆಂಟಿಲ್ಲ, ಆನೆ ಓಡಿಸುವ ಪಟಾಕಿ ಇಲ್ಲ.

ಮಾದೇಶ ಅವರನ್ನು ಮೆಲ್ಲಗೆ ಕೆಳಗಿಳಿಸಿದ. ಗಾಜಿನಾಚೆ, ರಸ್ತೆಯ ಆ ಕಡೆ, ಚಿಕ್ಕಬಸವಯ್ಯನವರ ಅಂಗಡಿಯ ಮುಂದೆ ಕೆಂಪು, ಹಸಿರು, ಹಳದಿ ದಾರಗಳು ಗೊಂಚಲು ಗೊಂಚಲಾಗಿ ಗಾಳಿಗೆ ಆಡುತ್ತಿದ್ದವು. ದಿನಕ್ಕೆ ಹತ್ತು ದಾರ ಮಾರುವ ಮನುಷ್ಯನಿಗೆ ದಾರದ ತೂತು ಹೊಳೆದಿರಲಿಲ್ಲ! ನನಗೆ ನಗು ತಡೆಯಲಾಗಲಿಲ್ಲ. ಆ ಹೊತ್ತಿನಲ್ಲಿ ನಗಬಾರದಿತ್ತು, ಒಪ್ಪಿಕೊಳ್ಳುತ್ತೇನೆ. ಆದರೆ ಪ್ರಿಂಟರ್ ಅಲ್ಲವೆಂಬ ಖುಷಿಯೂ ಅದರಲ್ಲಿ ಸೇರಿಕೊಂಡಿತ್ತು.

ಶರತ್ ಒಳ್ಳೆಯ ಹುಡುಗ. "ನೀವು ಪೆನ್ನು ಅಂದ್ರಿ, ನಾನು ತೂತೇ ಇಲ್ಲ ಅಂದೆ. ಇಬ್ರೂ ಸೋತ್ವಿ. ಸರಿಸಮ ಆಯ್ತು, ಬಿಡಿ ಅಣ್ಣ" ಎಂದ. ಅಂಕಲ್ ಹೋಗಿ ಅಣ್ಣ ಆಗಿತ್ತು. ಉಳಿದವರೂ ದನಿಗೂಡಿಸಿದರು. "ಬುಡಿ ಬಸವಯ್ನೋರೇ, ಮೀಸೆ ಇರ್ಲಿ. ಪಾಪ, ಮುದುಕಮ್ಮ ಅದೆ."

ಪಾಪ ಎಂದಿದ್ದೇ ತಡ, ಸಣ್ಣಮ್ಮ ಕುರ್ಚಿಯಿಂದ ಎದ್ದರು.

"ಯಾರ್ಲಾ ಪಾಪ? ಮೂರು ವರ್ಸದ ಕೂಸ್ನ ಸೊಂಟದ ಮ್ಯಾಲೆ ಇಟ್ಕಂಡು ಕೂಲಿ ಮಾಡ್ದವ್ಳು ನಾನು. ನಾಳೀಕೆ ನನ್ ಮಗ ಒಂದು ಮಾತು ಏಳುದ್ರೆ, ಅವ್ವನ ಸೆರಗ್ನಲ್ಲಿ ಅವುತ್ಕಂಡವ್ನು ಅಂತ ನಗ್ತೀರಾ. ನನ್ ಎಸ್ರು ಏಳ್ಕಂಡು ಅವನ ಮಾತು ಮುರೀಬ್ಯಾಡಿ." ಮಗನ ಕಡೆ ತಿರುಗಿದರು. "ನಡಿ. ಓಗನ."

"ಬ್ಯಾಡ ಕಣವ್ವ" ಎಂದರು ಚಿಕ್ಕಬಸವಯ್ಯನವರು. "ನಿಂಗೇನಾರ ಆದ್ರೆ?"

"ಎಂಬತ್ತಾಯ್ತು. ಏನಾರ ಆಗೇ ಆಗ್ತದೆ. ಅದ್ರ ತಪ್ಪ ಮೀಸೆ ಮ್ಯಾಲೆ ಯಾಕ್ಲಾ ಆಕ್ತಿಯಾ? ನಡಿ."

ನಾಲ್ಕು ಅಂಗಡಿ ಆಚೆ ಕುಮಾರಸ್ವಾಮಿಯ ಸೆಲೂನ್. ಹಿಂದೆ ನಾವು ಮೂವತ್ತು ಜನ. ವಿಷಯ ಗೊತ್ತಾದ ಕೂಡಲೇ ಕುಮಾರಸ್ವಾಮಿ ಕತ್ತಿಯನ್ನು ಡ್ರಾಯರಿಗೆ ಹಾಕಿ ಅದರ ಮುಂದೆ ನಿಂತುಬಿಟ್ಟ. ತಾಯಿ ಇರುವವರ ಮೀಸೆ ತಾನು ಮುಟ್ಟುವುದಿಲ್ಲ ಎಂದ.

"ಆ ತಾಯಿ ನಾನೇ ಎದುರ್ಗೆ ಕೂತಿವ್ನಿ" ಎಂದು ಸಣ್ಣಮ್ಮ ಪಕ್ಕದ ಕುರ್ಚಿ ಹತ್ತಿ ಕೂತರು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. "ಎತ್ಲಾ ಕತ್ತಿಯ."

ಎರಡು ನಿಮಿಷದ ಕೆಲಸ. ಅಷ್ಟೂ ಹೊತ್ತು ಚಿಕ್ಕಬಸವಯ್ಯನವರು ಕಣ್ಣು ಬಿಗಿಯಾಗಿ ಮುಚ್ಚಿ, ತಾಯಿಯ ಕೈಯನ್ನು ಭದ್ರವಾಗಿ ಹಿಡಿದುಕೊಂಡಿದ್ದರು, ಬಿಟ್ಟರೆ ಎಲ್ಲಿ ಹೋಗಿಬಿಡುತ್ತಾರೋ ಎಂಬ ಹಾಗೆ. ಕುಮಾರಸ್ವಾಮಿ ಟವೆಲ್ಲಿನಿಂದ ಒರೆಸಿದ. ಬಿಸಿಲು ಕಾಣದ ಮೇಲ್ದುಟಿ ಬೆಳ್ಳಗೆ, ಎಳೆಯದಾಗಿತ್ತು. ನಮಗೆ ಗುರುತೇ ಸಿಗಲಿಲ್ಲ.

ಸಣ್ಣಮ್ಮ ಕುರ್ಚಿಯಿಂದ ಇಳಿದು ಬಂದು ಮಗನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. ಈ ಕಡೆಯಿಂದ ನೋಡಿದರು, ಆ ಕಡೆಯಿಂದ ನೋಡಿದರು. ತುಟಿಯ ಮೇಲೆ ಹೆಬ್ಬೆರಳಾಡಿಸಿದರು. ಆಮೇಲೆ ಅವರ ಮುಖದಲ್ಲಿ ಮೆಲ್ಲಗೆ ನಗು ಹರಡಿತು.

"ನಾನ್ ಸತ್ ದಿಸ ನನ್ ಮಗ ಇಂಗ್ ಕಾಣ್ತಾನೆ ಅನ್ನು" ಎಂದರು. "ಇದ ಯಾವ ತಾಯೂ ನೋಡಿಲ್ಲ ಕಣ್ರವ್ವಾ. ನಾನ್ ನೋಡ್ಬುಟ್ಟೆ, ಮೊದ್ಲೇ ನೋಡ್ಬುಟ್ಟೆ! ಚೆಂದಾಗಿದ್ದೀಯ ಕಣ್ಲಾ."

ಚಿಕ್ಕಬಸವಯ್ಯನವರು ಐವತ್ತೆರಡು ವರ್ಷದ ಮನುಷ್ಯ, ಮೂವತ್ತು ಜನರ ಮುಂದೆ ಬಿಕ್ಕಿ ಬಿಕ್ಕಿ ಅತ್ತರು. ಸಣ್ಣಮ್ಮನಿಗೆ ಅದೂ ಇಷ್ಟವಾಯಿತು. ಅವರು ಬೊಚ್ಚು ಬಾಯಿ ಬಿಟ್ಟುಕೊಂಡು ನಗುತ್ತಾ ನಮ್ಮ ಕಡೆ ತಿರುಗಿ ಹೇಳಿದರು:

"ನೋಡ್ರೋ, ಅಳದ್ನೂ ಈಗ್ಲೇ ತೋರಿಸ್ತಾವ್ನೆ!"