ಅಕ್ಕನ ಸಕ್ಕರೆಯ ಗೆರೆ

ಎರಡು ಸಾವಿರದ ಇಸವಿ ದಾಟಿದ ಮೇಲಿನ ಯಾವುದೋ ವರ್ಷ. ಚಾಮರಾಜಪೇಟೆಯ ಮನೆಯಲ್ಲಿ ಅಕ್ಕ ಹೊಟ್ಟೆಯ ಮೇಲೆ ಒಂದು ಸೆನ್ಸರ್ ಅಂಟಿಸಿಕೊಂಡು, ಅದರ ವೈರಿನ ತುದಿಯ ಪೇಜರಿನಂಥ ಪೆಟ್ಟಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೂರು ದಿನ ಓಡಾಡಿದಳು. ಇಷ್ಟು ಖಚಿತ. ಉಳಿದದ್ದರಲ್ಲಿ ನಾನೇ ಕಂಡದ್ದೆಷ್ಟು, ಆಮೇಲೆ ಅವಳು ಹೇಳಿ ಹೇಳಿ ನನ್ನದಾದದ್ದೆಷ್ಟು, ಬೇರ್ಪಡಿಸಲಾರೆ.

ಅವಳು ಹೈಸ್ಕೂಲ್ ಟೀಚರ್. ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಳು. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಯಾವಾಗಲೂ ಜಾಸ್ತಿ. ರಾತ್ರಿಯ ಡೋಸ್ ಏರಿಸಬೇಕೆಂದು ಡಾಕ್ಟರ ಯೋಚನೆ. ಆದರೆ ಕೆಲವು ಬೆಳಿಗ್ಗೆ ಅವಳು ಬೆವರಿ ಒದ್ದೆಯಾಗಿ, ಕೈ ನಡುಗುತ್ತ ಏಳುತ್ತಿದ್ದಳು. ನಿದ್ದೆಯಲ್ಲಿ ಸಕ್ಕರೆ ತೀರಾ ಇಳಿದು, ಮೈ ತಾನೇ ಅದನ್ನು ಮೇಲೆತ್ತುತ್ತಿದ್ದರೆ? ಹಾಗಿದ್ದಾಗ ಡೋಸ್ ಏರಿಸಿದರೆ ಒಂದು ದಿನ ಏಳದೆಯೇ ಹೋಗಬಹುದು. ಅದನ್ನು ತಿಳಿಯಲಿಕ್ಕೇ ಈ ಪೆಟ್ಟಿಗೆ.

ಚರ್ಮದ ಕೆಳಗೆ ಇಳಿದ ಸೆನ್ಸರಿನ ಎಳೆಯು ರಕ್ತವನ್ನು ಮುಟ್ಟುವುದಿಲ್ಲ, ಜೀವಕೋಶಗಳ ನಡುವಿನ ನೀರಿನಲ್ಲಿರುತ್ತದೆ. ಅದಕ್ಕೆ ಬಳಿದ ಕಿಣ್ವ ಗ್ಲೂಕೋಸನ್ನು ಕಂಡಾಗ ಒಂದಿಷ್ಟು ವಿದ್ಯುತ್ ಹುಟ್ಟುತ್ತದೆ, ಪೆಟ್ಟಿಗೆ ಅದನ್ನು ಬಿಡದೆ ದಾಖಲಿಸುತ್ತದೆ. ರಕ್ತದ ಏರಿಳಿತ ಆ ನೀರನ್ನು ತಲುಪುವುದು ಸ್ವಲ್ಪ ತಡವಾಗಿ. ಇನ್ನು, ಎಷ್ಟು ವಿದ್ಯುತ್ತಿಗೆ ಎಷ್ಟು ಸಕ್ಕರೆ ಎಂದು ಪೆಟ್ಟಿಗೆಗೆ ತಾನಾಗಿ ಗೊತ್ತಿಲ್ಲ. ದಿನಕ್ಕೆ ಕೆಲವು ಸಲ ಬೆರಳು ಚುಚ್ಚಿ, ಮೀಟರು ತೋರಿಸಿದ ಸಂಖ್ಯೆಯನ್ನು ಅದರಲ್ಲಿ ಒತ್ತಬೇಕು. ಆ ಸಂಖ್ಯೆಗಳಿಗೆ ಹೊಂದಿಸಿಯೇ ಆಮೇಲೆ ಸಕ್ಕರೆಯ ಗೆರೆ ಎಳೆಯುವುದು. ಪೆಟ್ಟಿಗೆಯಾದರೋ ನಮಗೆ ಏನನ್ನೂ ತೋರಿಸುತ್ತಿರಲಿಲ್ಲ. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. "ಈಗ ಎಷ್ಟಿರಬಹುದು?" ಎಂದು ಮತ್ತೆ ಮತ್ತೆ ಕೇಳುತ್ತಿದ್ದೆ.

"ನನ್ನ ಹೊಟ್ಟೇನ ಗೋಡೆ ಗಡಿಯಾರ ಅನ್ಕೊಂಡಿದೀಯೇನೋ? ಹೋಗು, ಪೇಪರ್ ಓದ್ಕೋ."

ಕೊನೆಯ ದಿನ ಮಾತ್ರ ಬೆವರಿ ಎದ್ದಳು. ಅವತ್ತೇ ಬಸವನಗುಡಿಯ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಜೋಡಿಸಿದರು. ಪರದೆಯ ಮೇಲೆ ಆ ದಿನದ ಗೆರೆ ಬೆಳಗಿನ ಜಾವದಲ್ಲೂ ಎತ್ತರದಲ್ಲೇ ಇತ್ತು.

"ಶುಗರ್ ಲೋ ಆಗಿಲ್ಲ. ಡೋಸ್ ಏರಿಸೋಣ," ಎಂದವರು ಅಲ್ಲಿಗೇ ನಿಲ್ಲಿಸಿದರು. "ಇದೇನು, ಬೆಳಿಗ್ಗೆ ನಾನೂರು ಅಂತ ಒತ್ತಿದೀರಿ? ಏನ್ ತಿಂದಿದ್ರಿ?"

"ಏನೂ ಇಲ್ಲ ಡಾಕ್ಟ್ರೇ. ದೇವಸ್ಥಾನದಲ್ಲಿ ಒಂದು ಉದ್ಧರಣೆ ಪಂಚಾಮೃತ. ಮನೆಗೆ ಬಂದವಳೇ ಚುಚ್ಕೊಂಡೆ."

"ಅಷ್ಟಕ್ಕೆ ನಾನೂರಾಗಲ್ಲ. ಯಾವ ಕೈ?"

"ಬಲಗೈ. ಎಡಗೈ ಚುಚ್ಚಿ ಚುಚ್ಚಿ ಜರಡಿ ಆಗಿದೆ."

"ಕೈ ತೊಳ್ಕೊಂಡ್ರಾ?"

"ತೀರ್ಥ ತಗೊಂಡ ಕೈ ಯಾರಾದ್ರೂ ತೊಳೀತಾರೇನ್ರಿ? ತಲೆಗೆ ಸವರ್ಕೊಂಡೆ."

ಡಾಕ್ಟರು ಕನ್ನಡಕ ತೆಗೆದರು. "ಮೀಟರ್ ನಿಮ್ಮ ರಕ್ತ ಅಳೆದಿಲ್ಲಮ್ಮ, ದೇವರ ಜೇನುತುಪ್ಪ ಅಳೆದಿದೆ."

ಆಗ ನಾನು ನಕ್ಕೆನೆಂದು ನನ್ನ ನೆನಪು. ನಾನು ಬಿಳಿಚಿಕೊಂಡು ಕುರ್ಚಿಯ ಕೈ ಹಿಡಿದಿದ್ದೆನೆಂದು ಅಕ್ಕ ಹೇಳುತ್ತಾಳೆ. ಅವಳದೇ ನಿಜವಿರಬಹುದು.

ಆ ದಿನ ಒತ್ತಿದ್ದೇ ಕಡಿಮೆ. ಹಾಗಾಗಿ ಆ ಒಂದು ಸಂಖ್ಯೆ ಇಡೀ ದಿನದ ಗೆರೆಯನ್ನು ಮೇಲಕ್ಕೆಳೆದಿತ್ತು. ಡಾಕ್ಟರು ಅದನ್ನು ಕೈಬಿಟ್ಟು ಮತ್ತೆ ಲೆಕ್ಕ ಹಾಕಿಸಿದರು. ಗೆರೆ ಕೆಳಗಿಳಿಯಿತು. ಬೆಳಗಿನ ಜಾವದ ಹೊತ್ತಿಗೆ ಅದು ಆಳಕ್ಕೆ ಬಿದ್ದು, ಬಹಳ ಹೊತ್ತು ಅಲ್ಲೇ ತೆವಳಿ, ಆಮೇಲೆ ಕಡಿದಾಗಿ ಏರಿತ್ತು.

ಅಕ್ಕ ಆ ತಗ್ಗಿನ ಮೇಲೆ ಬೆರಳಿಟ್ಟಳು. "ಇಷ್ಟೊತ್ತೂ ನಾನು ಮಲ್ಗೇ ಇದ್ನಾ?"

ಡಾಕ್ಟರು ಕನ್ನಡಕ ಹಾಕಿಕೊಂಡರು. ರಾತ್ರಿಯ ಡೋಸನ್ನು ಇಳಿಸಿ ಚೀಟಿ ಬರೆದರು.