ಗ್ರೂಪ್ ದಾಟುವವರೆಗೆ ಕಾಫಿ ಇಲ್ಲ

ಕಳೆದ ವಾರದ ನನ್ನ ಅಂಕಣ ಓದಿ ಅರಕಲಗೂಡಿನ ಓದುಗರೊಬ್ಬರು ಫೋನ್ ಮಾಡಿದ್ದರು. "ಯಾಕ್ ಮೇಡಂ ಇಷ್ಟೊಂದ್ ಸಿಡಿಮಿಡಿ? ಮನೇಲಿ ಎಲ್ಲಾ ಚೆನ್ನಾಗವ್ರಾ?"

ಎಲ್ಲರೂ ಚೆನ್ನಾಗಿದ್ದರು. ನಾನು ಕಾಫಿ ಬಿಟ್ಟಿದ್ದೆ, ಅಷ್ಟೇ.

(ಡಾಕ್ಟರ್ ಹೇಳಿದ್ದಕ್ಕಲ್ಲ. ಅವರು ಹೇಳಿದ್ದರೆ ಬಿಡುತ್ತಿದ್ದೆನಾ?) ಕಾರಣ ಫುಟ್‌ಬಾಲ್ ವಿಶ್ವಕಪ್ ಮತ್ತು ನನ್ನ ಗೆಳತಿ ಪದ್ಮ.

ಪದ್ಮ ಚನ್ನರಾಯಪಟ್ಟಣದಲ್ಲಿ ಬಟ್ಟೆ ಅಂಗಡಿ ನಡೆಸುವ ಜೈನರ ಮನೆಯ ಸೊಸೆ. ಕಾಲೇಜಿನಲ್ಲಿ ನಮ್ಮಿಬ್ಬರದು ಒಂದೇ ಬೆಂಚು, ಒಂದೇ ಹುಚ್ಚು. ಊರೆಲ್ಲ ದೊಡ್ಡ ದೊಡ್ಡ ತಂಡಗಳ ಜೆರ್ಸಿ ಹಾಕಿಕೊಂಡು ತಿರುಗುವಾಗ ನಾವು ಒಂದು ಪುಟ್ಟ ದೇಶದ ಹಿಂದೆ ಬಿದ್ದವರು. (ಹೆಸರು ಹೇಳಲ್ಲ. ಇನ್ನೂ ಮ್ಯಾಚ್ ಬಾಕಿ ಇದೆ, ದೃಷ್ಟಿ ತಾಗೀತು.) ಈ ಸಲ ಅದು ಬಿದ್ದ ನಾಲ್ಕು ತಂಡಗಳ ಗ್ರೂಪ್ ನೋಡಿ ತಲೆ ಮೇಲೆ ಕೈ ಹೊತ್ತೆವು; ಅದನ್ನು ದಾಟಿದರಷ್ಟೇ ಮುಂದಿನ ಸುತ್ತು. ಇಬ್ಬರು ಮಾಜಿ ಚಾಂಪಿಯನ್ನರು! ಸಾಲದ್ದಕ್ಕೆ, ಯಾರಿಗೂ ಬಗ್ಗದ ಇನ್ನೊಂದು ತಂಡ.

ಪದ್ಮನ ಮನೆಯಲ್ಲಿ ನಿಯಮ ತೆಗೆದುಕೊಳ್ಳುವುದು ರೂಢಿ. ಹದಿನೈದು ದಿನ ಸಿಹಿ ಬಿಟ್ಟೆ, ಚಾತುರ್ಮಾಸ ಮುಗಿಯುವವರೆಗೆ ಸೊಪ್ಪು ಬಿಟ್ಟೆ, ಹೀಗೆ. ಟೂರ್ನಿ ಶುರುವಾದ ದಿನ ಇವಳು ಸ್ಪೀಕರ್ ಫೋನಿನಲ್ಲಿ ನನ್ನನ್ನು ಇಟ್ಟುಕೊಂಡು, ಅತ್ತೆಯ ಎದುರು ಕೈಮುಗಿದು ಅಂದೇಬಿಟ್ಟಳು: "ನಮ್ ಟೀಮ್ ಗ್ರೂಪ್ ದಾಟೋವರ್ಗೂ ಕಾಫಿ ಮುಟ್ಟಲ್ಲ."

ನಾನೂ ಜೋಶ್‌ನಲ್ಲಿ "ನಾನೂ ಅಷ್ಟೇ ಕಣೇ!" ಅಂದೆ. ನನ್ನ ಬಾಯಿಗಿಷ್ಟು!

ಮೊದಲ ಮ್ಯಾಚ್ ಮೂರು ಸೊನ್ನೆಯಿಂದ ಸೋತೆವು. ಅವತ್ತು ಪದ್ಮನ ಅತ್ತೆಯೇ ಫೋನ್ ಇಸಿದುಕೊಂಡರು. "ಅಲ್ಲ ಕಣಮ್ಮ, ನಿಯಮ ತಗೊಳೋವಾಗ ಗಡುವು ಹೇಳ್ಬೇಕು, ಇಂಥಾ ದಿನದವರ್ಗೂ ಅಂತ. ನೀವು ದಾಟೋವರ್ಗೂ ಅಂದ್ಬುಟ್ರಿ. ದಾಟ್ದೇ ಓದ್ರೆ?"

"ಏನಾಗುತ್ತೆ ಅತ್ತೆ?" ಪದ್ಮ ಹಿಂದಿನಿಂದ ಕೇಳಿದಳು.

"ಮುಂದಿನ್ ಸಲ ದಾಟೋವರ್ಗೂ ಬಾಯ್ ಕಟ್ಕೊಂಡಿರ್ಬೇಕು," ಅಂದರು.

ಮುಂದಿನ ಸಲ ಅಂದರೆ ನಾಲ್ಕು ವರ್ಷ! ಆಗ ಕ್ವಾಲಿಫೈ ಆಗದಿದ್ದರೆ ಎಂಟು! "ತಮಾಷೆಗೆ ಅಂದಿದ್ದು" ಎಂದು ಜಾರಿಕೊಳ್ಳಲು ನೋಡಿದೆ. ಪದ್ಮ ರೇಗಿದಳು. "ನೀನ್ ಬೇಕಾದ್ರೆ ಕುಡ್ಕೊ. ನಾನ್ ಬಿಟ್ಟಿದ್ದು ಬಿಟ್ಟಿದ್ದೇ." ಆಮೇಲೆ ನಾನು ಕುಡಿಯುವುದಾದರೂ ಹೇಗೆ?

ತಲೆನೋವು ಶುರುವಾಯಿತು. ನಾನು ಪಾಠ ಮಾಡುವ ಶಾಲೆಯಲ್ಲಿ ಏಳನೇ ಕ್ಲಾಸಿಗೆ ಬೈದೆ. ಮನೆಗೆ ಬಂದು ಗಂಡನಿಗೆ ಬೈದೆ. (ಅಂಕಣದಲ್ಲಿ ನಿಮಗೆ ಬೈದಿದ್ದು ನಿಮಗೇ ಗೊತ್ತು.) ಎರಡನೇ ಮ್ಯಾಚ್ ಡ್ರಾ. ಕೊನೆಯದು ಮಾಜಿ ಚಾಂಪಿಯನ್ ಎದುರು. ಗೆದ್ದರಷ್ಟೇ ಮುಂದೆ, ಇಲ್ಲದಿದ್ದರೆ ನಾಲ್ಕು ವರ್ಷ ಬರೀ ಹಾಲು.

ಭಾನುವಾರ ಬೆಳಿಗ್ಗೆ ಏಳೂವರೆಗೆ ಮ್ಯಾಚ್. ಪದ್ಮನ ಜೊತೆಗೇ ನೋಡೋಣವೆಂದು ಹಾಸನದಿಂದ ಮೊದಲ ಬಸ್ ಹಿಡಿದೆ. ಶಾಂತಿಗ್ರಾಮದಲ್ಲಿ ಬಸ್ ನಿಂತಾಗ ಕಂಡಕ್ಟರ್ ಡ್ರೈವರಿಗೆ ಕಾಫಿ ತಂದುಕೊಟ್ಟು, "ಮೇಡಂ, ನಿಮ್ಗೂ ಒಂದ್ ಏಳ್ಲಾ?" ಅಂದ. ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ.

ಪದ್ಮನ ಮನೆಯಲ್ಲಿ ಟಿವಿ ಮುಂದೆ ಅತ್ತೆಯೂ ಸೇರಿ ಮೂವರೂ ಕೂತೆವು. ಇಪ್ಪತ್ತೇ ನಿಮಿಷಕ್ಕೆ ನಮ್ಮ ಮೇಲೆ ಒಂದು ಗೋಲ್. ಪದ್ಮ ಸೆರಗು ಕಚ್ಚಿಕೊಂಡು ಕೂತಳು. ಸೆಕೆಂಡ್ ಹಾಫ್‌ನಲ್ಲಿ ಹೇಗೋ ಒಂದು ವಾಪಸ್ ಕೊಟ್ಟೆವು. ತೊಂಬತ್ತು ನಿಮಿಷ ಮುಗಿದು ಎಕ್ಸ್‌ಟ್ರಾ ಕೊಟ್ಟ ಸಮಯದಲ್ಲಿ ಕಾರ್ನರ್ ಸಿಕ್ಕಿತು. ಅಷ್ಟೆತ್ತರದವರ ನಡುವೆ ನಮ್ಮ ಗಿಡ್ಡ ಡಿಫೆಂಡರ್ ಅದೆಲ್ಲಿಂದ ಎದ್ದನೋ, ಹಣೆಯಿಂದ ಗುದ್ದಿದ. ಗೋಲ್!

ಅಷ್ಟರಲ್ಲಿ ರೆಫರಿ ಗಾಳಿಯಲ್ಲಿ ಚೌಕ ಬರೆದ. ವಿಡಿಯೋ ನೋಡಬೇಕಂತೆ.

"ಏನಮ್ಮ ಇದು, ಕೊಟ್ಟಿದ್ನ ಕಿತ್ಕೊತಾರಾ?" ಅತ್ತೆ ಸಿಟ್ಟಾದರು.

ಎರಡು ನಿಮಿಷ. ಪದ್ಮ ನನ್ನ ಕೈ ಹಿಚುಕಿದ ಗುರುತು ಇನ್ನೂ ಇದೆ. ರೆಫರಿ ಮೈದಾನದ ನಡುವಿಗೆ ಬೆರಳು ತೋರಿಸಿದ. ಗೋಲ್ ಗೋಲೇ! ಮಾಜಿ ಚಾಂಪಿಯನ್ನರು ಹುಲ್ಲಿನ ಮೇಲೆ ಕುಸಿದು ಕೂತರು, ಐವತ್ತು ದಾಟಿದ ನಾವಿಬ್ಬರು ಸೋಫಾ ಹತ್ತಿ ಕುಣಿದೆವು. ಏನಾಯಿತೋ ಎಂದು ಪಕ್ಕದ ಮನೆಯವರು ಓಡಿಬಂದರು. ಗೆದ್ವಿ ಕಣ್ರೀ, ಗೆದ್ವಿ!

ಅತ್ತೆ ಅಡುಗೆಮನೆಯಿಂದ ಬಂದರು. ತಟ್ಟೆಯಲ್ಲಿ ಮೂರು ಲೋಟ, ನೊರೆ ಕಾಫಿ. ಮ್ಯಾಚ್ ಶುರುವಾಗುವ ಮುಂಚೆಯೇ ಫಿಲ್ಟರಿಗೆ ಪುಡಿ ಹಾಕಿಟ್ಟಿದ್ದರಂತೆ. ಆ ಮೊದಲ ಗುಟುಕು! ವಿಶ್ವಕಪ್ ಎತ್ತಿದವರಿಗೂ ಅಷ್ಟು ಖುಷಿಯಾಗಿರಲಿಕ್ಕಿಲ್ಲ.

"ಮೂರನೇ ಲೋಟ ಯಾರಿಗೆ? ನಿಮ್ದು ಬೆಳಿಗ್ಗೇನೇ ಆಗಿರುತ್ತಲ್ಲ?" ಪದ್ಮ ಕೇಳಿದಳು.

"ನಂಗೆ. ಸೊಸೆ ಬಿಟ್ಟಿರೋವಾಗ ನಾನೊಬ್ಳೇ ಎಂಗ್ ಕುಡೀಲಿ? ನಾನೂ ಅವತ್ತಿಂದ ಮುಟ್ಟಿಲ್ಲ."

ಪದ್ಮನ ಕಣ್ಣು ತುಂಬಿತು. "ಸೋತಿದ್ರೆ ನೀವೂ ನಾಲ್ಕು ವರ್ಷ ಬಿಟ್ಟಿರ್ತಿದ್ರಾ ಅತ್ತೆ?"

"ಅಯ್ಯೋ, ನಾನ್ಯಾಕ್ ಬಿಡ್ಲಿ? ಭಾನ್ವಾರದ್ ಮ್ಯಾಚ್ ಮುಗಿಯೋವರ್ಗೂ ಅಂತ ಗಡುವು ಹೇಳ್ಕೊಂಡೇ ಬಿಟ್ಟಿದ್ದು ನಾನು," ಎಂದು ಅತ್ತೆ ಸೊರ್ರನೆ ಹೀರಿದರು.

ಮುಂದಿನದು ನಾಕೌಟ್, ಸೋತರೆ ಸೀದಾ ಮನೆಗೆ. ಈ ಸಲ ಏನು ಬಿಡೋಣ ಎಂದು ಪದ್ಮ ಆಗಲೇ ಫೋನ್ ಮಾಡಿದ್ದಾಳೆ. ನಾನಂದೆ, ಹಾಗಲಕಾಯಿ ಬಿಡೋಣ ಕಣೇ, ಗಡುವೇ ಬೇಡ!